ಮುಗಿಲ ಮನೆಗಳ ಮಾರಾಟಗಾರರಿಗೆ ಉಟಗಿಯಿಂದ ಬಹಿರಂಗ ಪತ್ರ

ಉಟಗಿ,
ತಾ. ಜತ್ತ, ಜಿ. ಸಾಂಗಲಿ

ಮುಂಬಯಿಯ ಪರೇಲ, ಲಾಲಬಾಗ, ವರಳಿಗಳಲ್ಲಿ ಮುಗಿಲು ಮುಟ್ಟುವ ಮನೆಗಳನ್ನು ಕಟ್ಟಿ ಮಾರುವ ಮಹಾಶಯರ ಸನ್ನಿಧಿಗೆ ಬಿನ್ನಹ.

ತಮ್ಮ ಜಾಹೀರಾತುಗಳಲ್ಲಿ ಈಜುಕೊಳದ ನೀಲಿಮೆ, ಸಮುದ್ರದರ್ಶನ, ವಾಹನಗಳ ವಿಶ್ರಾಂತಿಗೆಂದೇ ಮೀಸಲಾದ ಅಂತಸ್ತುಗಳು ಇವೆಲ್ಲವುಗಳ ವರ್ಣನೆ ಕಾವ್ಯೋಚಿತವಾಗಿ ಬಂದಿದ್ದು, ಆ ನೆಲದ ಪೂರ್ವಚರಿತ್ರೆಯ ವಿಷಯದಲ್ಲಿ ಮಾತ್ರ ಒಂದಕ್ಷರವೂ ಇಲ್ಲದಿರುವುದನ್ನು ಕಂಡು, ಆ ಕೊರತೆಯನ್ನು ಯಾವ ಸಂಭಾವನೆಯನ್ನೂ ಅಪೇಕ್ಷಿಸದೆ ತುಂಬಿಕೊಡುವುದು, ಬರದ ಬೇಗೆಗೆ ಮಕ್ಕಳನ್ನು ಅಲ್ಲಿದ್ದ ಬಟ್ಟೆ ಗಿರಣಿಗಳಿಗೆ ಕಳಿಸಿಕೊಟ್ಟ ನಮ್ಮಂಥ ಸೀಮೆಯವರ ಕರ್ತವ್ಯವೆಂದು ಭಾವಿಸಿ ಈ ಪತ್ರವನ್ನು ಬರೆಯುತ್ತಿದ್ದೇನೆ.

ತಾವು ಇಂದು ‘ಕೋ-ಲಿವಿಂಗ್’ ಎಂಬುದಾಗಿ ನಾಮಕರಣ ಮಾಡಿ ನೂತನ ಶೋಧವೆಂಬಂತೆ ಮಾರುತ್ತಿರುವ ವಸತಿಕ್ರಮವು ಗಿರಣಗಾಂವವೆನಿಸಿದ್ದ ಆ ಗಿರಣಿ ಸೀಮೆಯ ಕಾರ್ಮಿಕರ ಚಾಳುಗಳಲ್ಲಿ ಪುರಾತನವಾದುದು. ಹತ್ತಡಿ ಚೌಕದ ಖೋಲಿಯಲ್ಲಿ, ಹಗಲುಪಾಳಿಯವನು ಎದ್ದುಹೋದ ಚಾಪೆಯ ಮೇಲೆ ರಾತ್ರಿಪಾಳಿಯವನು ಬಂದು ಒರಗುತ್ತಿದ್ದನು. ಒಬ್ಬೊಬ್ಬನಿಗೆ ಗೋಡೆಯಲ್ಲೊಂದು ಮೊಳೆ, ಅದರಡಿಯಲ್ಲೊಂದು ತಗಡಿನ ಟ್ರಂಕು. ಊಟಕ್ಕೆ ಖಾನಾವಳಿ, ಅದರ ಲೆಕ್ಕ ಪಗಾರದ ದಿನ ಚುಕ್ತಾ. ಈಜುಕೊಳವೊಂದಿರಲಿಲ್ಲ, ಸಾರ್ವಜನಿಕ ನಲ್ಲಿಯಿತ್ತು, ಪಾಳಿಯಲ್ಲಿ ನಿಂತವನಿಗೆ ಅದರ ಭಾಗ್ಯವೂ ಇತ್ತು.

1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಆರಂಭಿಸಿದ ಮುಷ್ಕರವು ವಿಧ್ಯುಕ್ತವಾಗಿ ಮುಗಿಯದೆಯೇ ಕರಗಿಹೋಗಿ, ಗಿರಣಿಗಳು ಒಂದೊಂದಾಗಿ ಬಾಗಿಲೆಳೆದುಕೊಂಡ ಮೇಲೆ, ಬಟ್ಟೆಗಿಂತ ನೆಲವನ್ನು ಮಾರುವುದೇ ಲಾಭವೆಂದು ಮಾಲೀಕರಿಗೆ ಜ್ಞಾನೋದಯವಾಯಿತು. 1991ರ ನಿಯಮದ ಪ್ರಕಾರ ಆ ನೆಲದಲ್ಲಿ ಸ್ಥೂಲವಾಗಿ ಮೂರನೆಯ ಒಂದು ಪಾಲು ಉದ್ಯಾನ-ಮೈದಾನಗಳಿಗೆಂದು ಮಹಾನಗರಪಾಲಿಕೆಗೆ, ಇನ್ನೊಂದು ಪಾಲು ಸಾಮಾನ್ಯರ ಮನೆಗಳಿಗೆಂದು ಮ್ಹಾಡಾ ಎಂಬ ಸರಕಾರಿ ವಸತಿ ಸಂಸ್ಥೆಗೆ, ಉಳಿದದ್ದು ಮಾಲೀಕನಿಗೆ ಸಲ್ಲತಕ್ಕದ್ದಾಗಿದ್ದಿತು. 2001ರ ತಿದ್ದುಪಡಿಯಾದರೋ ಕಟ್ಟಡಗಳು ನಿಂತ ನೆಲವನ್ನು ಲೆಕ್ಕದಿಂದ ತೆಗೆದು, ಬಯಲಾಗಿ ಬಿದ್ದುದನ್ನಷ್ಟೇ ಹಂಚಿದರೆ ಸಾಕೆಂದಿತು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಗೋಡೆಯಿಂದ ಗೋಡೆಗೆ ಷೆಡ್ಡುಗಳೇ ತುಂಬಿದ ಗಿರಣಿಯಲ್ಲಿ ಬಯಲೆಷ್ಟಿರುತ್ತದೆಂಬುದನ್ನು ತಮಗೆ ಹೇಳಬೇಕಾದುದಿಲ್ಲ.

ಈ ಗಣಿತದ ಸೊಬಗಿಗೆ ಮಾರುಹೋಗಿ, ಇದನ್ನು ಉಟಗಿಯಲ್ಲಿಯೂ ಆಚರಣೆಗೆ ತರಬೇಕೆಂದು ನನಗೆ ಬಯಕೆಯಾಗಿದೆ. ಇನ್ನು ಮುಂದೆ ಅಣ್ಣತಮ್ಮಂದಿರಲ್ಲಿ ಹೊಲ ಪಾಲಾಗುವಾಗ, ಬಾವಿಯಿದ್ದ ನೆಲ, ದಾಳಿಂಬೆ ಹಚ್ಚಿದ ನೆಲ, ದನದ ಕೊಟ್ಟಿಗೆ ನಿಂತ ನೆಲ ಇವು ಲೆಕ್ಕಕ್ಕೆ ಬಾರದೆ ಹಿರಿಯನಲ್ಲಿಯೇ ಉಳಿಯತಕ್ಕದ್ದು; ಬರಿಯ ಮಡ್ಡಿಯನ್ನು ಮೂರು ಪಾಲು ಮಾಡಿ, ಅದರಲ್ಲಿಯೂ ಒಂದನ್ನು ಹಿರಿಯನಿಗೇ ಕೊಡತಕ್ಕದ್ದು. ತಮ್ಮಂದಿರು ಬಡಿಗೆ ಹಿಡಿದು ಬಂದಲ್ಲಿ, ಶಾಂತಿಸ್ಥಾಪನೆಗೆ ತಾವು ತಮ್ಮ ವಕೀಲರನ್ನು ಕಳಿಸಿಕೊಡುವ ಕೃಪೆ ಮಾಡಬೇಕು.

ಬೆಲೆಯ ಮಹಿಮೆಯಂತೂ ವರ್ಣನಾತೀತ. 2005ರಲ್ಲಿ ರಾಷ್ಟ್ರೀಯ ಜವಳಿ ನಿಗಮವು ಮುಂಬಯಿ ಟೆಕ್ಸ್‌ಟೈಲ್ ಗಿರಣಿಯ ಸುಮಾರು 17 ಎಕರೆಯನ್ನು 702 ಕೋಟಿ ರೂಪಾಯಿಗೆ ಮಾರಿತು. ಕೊಂಡ ಕಂಪನಿಯು 2012ರಲ್ಲಿ ಅದನ್ನೇ ಇನ್ನೊಂದು ಕಂಪನಿಗೆ ಸುಮಾರು 2,727 ಕೋಟಿಗೆ ದಾಟಿಸಿತು. ನಮ್ಮಲ್ಲಿ ನೆಲವನ್ನು ಏಳು ವರ್ಷ ಬೀಳುಗೆಡವಿದರೆ ಜಾಲಿಯ ಗಿಡಗಳು ಮಾತ್ರ ಏಳುತ್ತವೆ. ಅದೇ 2012ರಲ್ಲಿ ಗಿರಣಿ ಕಾರ್ಮಿಕರಿಗೆಂದು ಲಾಟರಿ ಎತ್ತಿದ ಮನೆಗಳು ಏಳು ಸಾವಿರಕ್ಕೂ ಕಡಿಮೆ; ಅರ್ಜಿ ಹಾಕಿಕೊಂಡವರು ಲಕ್ಷವನ್ನು ಮೀರಿದವರು; ಮನೆಯ ವಿಸ್ತೀರ್ಣ 225 ಚದರಡಿ, ಎಂದರೆ ಹದಿನೈದಡಿ ಚೌಕ. ಹತ್ತಡಿಯ ಖೋಲಿಯಿಂದ ಹೊರಟವನು ಜೀವಮಾನದಲ್ಲಿ ಐದಡಿ ಮುಂದುವರಿದನೆಂಬುದು ಪ್ರಗತಿಯಲ್ಲದೆ ಮತ್ತೇನು?

ಉಳಿದವರಿಗಾಗಿ ಸರಕಾರವು ಈಗ ಶೇಲು, ವಾಂಗಣಿಗಳ ಕಡೆಗೆ ಬೆರಳು ತೋರಿಸುತ್ತಿದೆ. ಕಲ್ಯಾಣವನ್ನು ದಾಟಿ ಕರ್ಜತದ ಹಾದಿಯಲ್ಲಿರುವ ಈ ಊರುಗಳು, ಪುಣೆ-ಸೋಲಾಪುರಗಳಿಗೆ ಬರುವ ರೈಲುಮಾರ್ಗದಲ್ಲಿಯೇ ಇರುವುದರಿಂದ, ಮನೆಗಳು ಮೆಲ್ಲಮೆಲ್ಲನೆ ನಮ್ಮತ್ತಲೇ ಪಯಣಿಸುತ್ತಿವೆಯೆಂದು ನಾವು ಹಿಗ್ಗಿದ್ದೇವೆ. ಇನ್ನೊಂದೆರಡು ನಿರ್ಣಯಗಳಾದರೆ ಅವು ಉಟಗಿಗೇ ಬಂದು ಮುಟ್ಟುವವು. ಆಗ ಕಾರ್ಮಿಕನು ಬರಗಾಲದ ದಿನ ಬಿಟ್ಟುಹೋದ ತನ್ನ ಮಾಳಿಗೆಮನೆಯನ್ನೇ ಲಾಟರಿಯಲ್ಲಿ ಗೆದ್ದು, ಕಂತು ಕಟ್ಟಿ ಕೊಂಡುಕೊಳ್ಳಬಹುದು.

ಪರಿಹಾಸ್ಯ ಸಾಕು. ಆ ನೆಲಕ್ಕೆ ಬೆಲೆ ಬಂದುದು ಅಲ್ಲಿ ಮೂರು ಪಾಳಿಯಲ್ಲಿ ದುಡಿದವರಿಂದ. ಅವರ ಮನೆಗಳು ಮುಂಬಯಿಯಲ್ಲಿಯೇ ಆಗಬೇಕು, ಮತ್ತು ಬೇಗನೆ ಆಗಬೇಕು. ಮುಷ್ಕರ ಹೂಡಿದ ದಿನ ಇಪ್ಪತ್ತೈದರ ತರುಣನಾಗಿದ್ದವನಿಗೆ ಈಗ ಎಪ್ಪತ್ತರ ಸಮೀಪ.

ಇಂತಿ ತಮ್ಮ ವಿಧೇಯ,
ಉಟಗಿಯ ಒಬ್ಬ ಒಕ್ಕಲಿಗ