ವೀರನ ಜಾತಕ ಮೊಬೈಲಿನಲ್ಲಿ

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಜೋಡಿ 'ಡಂಜನ್ಸ್ ಅಂಡ್ ಡ್ರಾಗನ್ಸ್' ಆಟ ತಂದಾಗ ದಾಳ, ಪೆನ್ಸಿಲ್, ರಬ್ಬರ್ ಇದ್ದರೆ ಯುದ್ಧ ಶುರು. ಆಟಗಾರ ವಹಿಸುವ ಪಾತ್ರದ ಶಕ್ತಿ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು ಎಲ್ಲ ಒಂದೇ ಹಾಳೆಯಲ್ಲಿ, ಥೇಟ್ ಜಾತಕದ ಹಾಗೆ. ಏಟು ಬಿದ್ದಾಗಲೆಲ್ಲ ಜೀವದ ಅಂಕ ಅಳಿಸಿ ಬರೆದು ಹಾಳೆ ತೂತು. ರಾಕ್ಷಸನಿಗಿಂತ ಮೊದಲು ರಬ್ಬರೇ ವೀರನನ್ನು ಮುಗಿಸುತ್ತಿತ್ತು!

ಈಗ ಆ್ಯಪ್ ಕಾಲ. ಇದೇ ಆಟಕ್ಕೆಂದು 2017ರಲ್ಲಿ ಬಂದ 'ಡಿ ಅಂಡ್ ಡಿ ಬಿಯಾಂಡ್' ಲೆಕ್ಕವನ್ನೆಲ್ಲ ತಾನೇ ಮಾಡುತ್ತದೆ. ಮಹಾ ಲೆಕ್ಕವೇನಲ್ಲ: ಶಕ್ತಿ, ಬುದ್ಧಿ ಇತ್ಯಾದಿಗಳ ಅಂಕದಲ್ಲಿ ಹತ್ತು ಕಳೆದು, ಉಳಿದದ್ದನ್ನು ಅರ್ಧ ಮಾಡಿ, ಚಿಲ್ಲರೆ ಕೆಳಕ್ಕೆ ಬಿಡುವುದು. ಅಷ್ಟಕ್ಕೇ ಚಾರ್ಜರ್ ಹುಡುಕುವ ಮಹಾಶೂರರಿದ್ದಾರೆ. ಬಿಟ್ಟಿ ಖಾತೆಯಲ್ಲಿ ಆರೇ ಪಾತ್ರ. ಏಳನೆಯವನು ಹುಟ್ಟಬೇಕಾದರೆ ಹಳಬನೊಬ್ಬ ಜಾಗ ಖಾಲಿ ಮಾಡಬೇಕು, ಇಲ್ಲವೇ ನೀವು ಜೇಬು ಖಾಲಿ ಮಾಡಬೇಕು. ಡ್ರಾಗನ್‌ಗಳು ಚಿನ್ನದ ರಾಶಿಯ ಮೇಲೆ ಯಾಕೆ ಕೂತಿರುತ್ತವೆ ಅನ್ನುವುದು ಈಗ ಗೊತ್ತಾಯಿತು.

ಬೇರೆ ಆ್ಯಪ್ ಹುಡುಕೋಣವೆಂದರೆ ಅದೇ ಇನ್ನೊಂದು ಸಾಹಸಯಾತ್ರೆ. ಒಂದು ಆ್ಯಪ್, ಕತ್ತಿ ಎತ್ತುವ ಮೊದಲು ಜಾಹೀರಾತು ತೋರಿಸುತ್ತದೆ. ಇನ್ನೊಂದಕ್ಕೆ ನೆಟ್ ಇಲ್ಲದೆ ಉಸಿರೇ ಇಲ್ಲ. ಪಾತಾಳದ ಗುಹೆಯ ಆಟಕ್ಕೆ ಟವರ್ ಬೇಕಂತೆ!

ನನ್ನ ತೀರ್ಪು ಇಷ್ಟು. ನೀವು ಮಂತ್ರವಾದಿಯಾದರೆ ಆ್ಯಪ್ ಹಾಕಿಕೊಳ್ಳಿ, ಮಂತ್ರಗಳ ಪಟ್ಟಿ ಮಾರುದ್ದ ಇರುತ್ತದೆ. ಬರೀ ಕತ್ತಿ ಬೀಸುವವರಿಗೆ ಕಾಗದವೇ ಸಾಕು.