ಹದಿಮೂರು ದಾಟಿದ ಕೋಣ ಮತ್ತು ಸಣ್ಣುರಿ: ಶೆಟ್ಟಿಹಳ್ಳಿಯ ಸ್ಟ್ಯೂ ಕುರಿತು ಒಂದು ಶಾಸ್ತ್ರವಿಚಾರ

ಮಾಂಸವನ್ನೂ ತರಕಾರಿಯನ್ನೂ ಒಂದೇ ಪಾತ್ರೆಯಲ್ಲಿ, ಮುಚ್ಚಳದಡಿ, ಸಣ್ಣುರಿಯಲ್ಲಿ, ಮನೆಯವರ ತಾಳ್ಮೆ ಮುಗಿದ ಮೇಲೂ ಒಂದು ಗಂಟೆ ಬೇಯಿಸಿದ ಪದಾರ್ಥವೇ ಸ್ಟ್ಯೂ. ಈ ಲಕ್ಷಣದಲ್ಲಿ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳೂ ಇಲ್ಲ. ‘ಮಾಂಸವನ್ನೂ’ ಎಂದದ್ದರಿಂದ ಹುಳಿ ಹೊರಬಿತ್ತು. ‘ತರಕಾರಿಯನ್ನೂ’ ಎಂದದ್ದರಿಂದ ಕಾಲುಸೂಪು ಹೊರಬಿತ್ತು. ‘ತಾಳ್ಮೆ ಮುಗಿದ ಮೇಲೂ’ ಎಂದದ್ದರಿಂದ ಕುಕ್ಕರು ಹೊರಬಿತ್ತು.

ಶಾಸ್ತ್ರಾರಂಭದಲ್ಲಿ ಅನುಬಂಧ ಚತುಷ್ಟಯವನ್ನು ಹೇಳುವುದು ರೂಢಿ. ವಿಷಯ, ಸ್ಟ್ಯೂ. ಪ್ರಯೋಜನ, ಭಾನುವಾರದ ಊಟ. ಸಂಬಂಧ, ಊಟಕ್ಕೂ ನಿದ್ದೆಗೂ ಇರುವಂಥದ್ದು. ಅಧಿಕಾರಿ ಯಾರು ಎಂಬುದೇ ತೊಡಕು. ನಾಲ್ಕು ಗಂಟೆ ಬಿಡುವು, ದಪ್ಪತಳದ ಪಾತ್ರೆ ಮತ್ತು ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಷರತ್ತಿಲ್ಲದ ಬಾಡಿಗೆ ಕರಾರು, ಈ ಮೂರೂ ಉಳ್ಳವನೇ ಅಧಿಕಾರಿ. ಬೆಂಗಳೂರಿನಲ್ಲಿ ಮೊದಲೆರಡು ಹೇಗೋ ದೊರೆಯುತ್ತವೆ.

ಇನ್ನು ದೇಶನಿರ್ಣಯ. ಕರ್ನಾಟಕದಲ್ಲಿ ಶೆಟ್ಟಿಹಳ್ಳಿಗಳಿಗೆ ಬರವಿಲ್ಲ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಹೇಮಾವತಿಯ ಹಿನ್ನೀರು ಏರಿದಾಗ ಮುಳುಗಿ, ಇಳಿದಾಗ ತೇಲುವ ಹಳೆಯ ಚರ್ಚಿದೆ; ಶಿವಮೊಗ್ಗದ ಶೆಟ್ಟಿಹಳ್ಳಿಯಲ್ಲಿ 1974ರಿಂದ ವನ್ಯಜೀವಿ ಅಭಯಾರಣ್ಯವಿದೆ. ಮುಳುಗಿ ಏಳುವ ಲಕ್ಷಣ ಸ್ಟ್ಯೂವಿನ ಆಲೂಗೆಡ್ಡೆಯಲ್ಲೂ ಕಾಣುವುದರಿಂದ ಹಾಸನದ ಪಕ್ಷಕ್ಕೆ ವಾದಿಗಳು ದೊರೆಯಬಹುದು. ಪ್ರಸ್ತುತ ಗ್ರಂಥಕ್ಕೆ ಮಾತ್ರ ಜಾಲಹಳ್ಳಿ ಪಶ್ಚಿಮಕ್ಕೂ ಚಿಕ್ಕಬಾಣಾವರಕ್ಕೂ ನಡುವೆ, ದಾಸರಹಳ್ಳಿ ಕ್ಷೇತ್ರದಲ್ಲಿರುವ ಬೆಂಗಳೂರಿನ ಶೆಟ್ಟಿಹಳ್ಳಿಯೇ ಪ್ರಮಾಣ.

ಪ್ರಾಚೀನ ಆಧಾರಗಳು ಇಲ್ಲಿ ಕೈಕೊಡುತ್ತವೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಹಂದಿ, ಜಿಂಕೆ, ಆಮೆಗಳಿಂದ ಹಿಡಿದು ಇಲಿಯವರೆಗೆ ಬಂದವನು, ಸ್ಟ್ಯೂವಿನವರೆಗೆ ಬರಲಿಲ್ಲ. ಬರಲು ಸಾಧ್ಯವೂ ಇರಲಿಲ್ಲ. ಆಲೂಗೆಡ್ಡೆ, ಟೊಮೇಟೊ, ಹುರುಳಿಕಾಯಿ, ಸೀಮೆಬದನೆ ನಾಲ್ಕೂ ಆಗಿನ್ನೂ ಅಮೆರಿಕ ಖಂಡ ಬಿಟ್ಟು ಹೊರಟಿರಲಿಲ್ಲ. ಹದಿನಾರನೆಯ ಶತಮಾನದ ಮಂಗರಸ ‘ಸೂಪಶಾಸ್ತ್ರ’ ಬರೆದದ್ದು ಷಟ್ಪದಿಯಲ್ಲಿ. ಜೈನನಾದ ಅವನನ್ನು ಈ ಚರ್ಚೆಗೆ ಎಳೆಯುವುದು ಸಭ್ಯತೆಯಲ್ಲ. ಊರಿಗೆ ಸ್ಟ್ಯೂ ಬಂದದ್ದು 1809ರಲ್ಲಿ ನೆಲೆಯಾದ ಬ್ರಿಟಿಷ್ ದಂಡಿನ ದಾರಿಯಲ್ಲಿ. ಆಂಗ್ಲೋ-ಇಂಡಿಯನ್ ಅಡುಗೆಮನೆ ಅದಕ್ಕೆ ಮೆಣಸು, ಚಕ್ಕೆ, ಲವಂಗ, ಹಸಿಮೆಣಸಿನಕಾಯಿ ಸೇರಿಸಿ ಮರ್ಯಾದೆ ತಂದಿತು.

ಈಗ ಮುಖ್ಯ ಪ್ರಮೇಯ. ಸ್ಟ್ಯೂ ಏಕೆ ನಿಧಾನ? ಅಡುಗೆಯವನ ಸ್ವಭಾವದಿಂದ ಎಂಬುದು ಪೂರ್ವಪಕ್ಷ. ಶಾಸನದಿಂದ ಎಂಬುದು ಸಿದ್ಧಾಂತ. ಜಾನುವಾರುಗಳ ಕುರಿತ ರಾಜ್ಯದ 1964ರ ಕಾಯಿದೆಯಲ್ಲಿ ಹನ್ನೆರಡು ವರ್ಷ ದಾಟಿದ ಎತ್ತು, ಕೋಣ, ಎಮ್ಮೆಗಳ ವಧೆಗೆ ಅವಕಾಶವಿತ್ತು. 2021ರ ಜನವರಿಯಲ್ಲಿ ಜಾರಿಗೆ ಬಂದ ಕರ್ನಾಟಕ ಜಾನುವಾರು ವಧೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯಿದೆ ಎತ್ತನ್ನೂ ನಿಷೇಧದೊಳಗೆ ಸೇರಿಸಿ, ಕೋಣ-ಎಮ್ಮೆಗಳ ಮಿತಿಯನ್ನು ಹದಿಮೂರಕ್ಕೆ ಏರಿಸಿತು. ಉಲ್ಲಂಘನೆಗೆ ಮೂರರಿಂದ ಏಳು ವರ್ಷ ಸೆರೆ. ಯಾವ ಸ್ಟ್ಯೂವೂ ಅಷ್ಟು ಹೊತ್ತು ಬೇಯುವುದಿಲ್ಲ. ಹೀಗಾಗಿ ಶೆಟ್ಟಿಹಳ್ಳಿಯ ಒಲೆಗೆ ನ್ಯಾಯವಾಗಿ ಬರಬಲ್ಲದ್ದು ಹದಿಮೂರು ದಾಟಿದ, ವಯಸ್ಸಿಗೆ ಅಧಿಕೃತ ಪ್ರಮಾಣಪತ್ರವುಳ್ಳ ಒಂದು ಹಿರಿಯ ಜೀವ. ಪ್ರಾಣಿಗೆ ವಯಸ್ಸಾದಂತೆ ಮಾಂಸದ ಕೊಲಾಜೆನ್ ನಾರುಗಳು ಒಂದಕ್ಕೊಂದು ಬೆಸೆದುಕೊಂಡು, ಶಾಖಕ್ಕೆ ಸುಲಭವಾಗಿ ಬಗ್ಗದ ಹಟ ಹಿಡಿಯುತ್ತವೆ. ಆ ಹಟ ಕರಗಿ ಜೆಲಾಟಿನ್ ಆಗುವುದೇ ಸ್ಟ್ಯೂ. ಶಾಸನ ವಯಸ್ಸನ್ನು ಗೊತ್ತುಮಾಡಿತು, ವಯಸ್ಸು ಹೊತ್ತನ್ನು ಗೊತ್ತುಮಾಡಿತು. ವಿಧಾನಮಂಡಲವೊಂದು ಅಡುಗೆಯ ಅವಧಿಯನ್ನು ಇಷ್ಟು ಖಚಿತವಾಗಿ ನಿಗದಿಪಡಿಸಿದ್ದು ವಿರಳ.

ಭೂಗೋಳವೂ ಶಾಸನದ ಪರವೇ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರು ಎತ್ತರದಲ್ಲಿರುವುದರಿಂದ ನೀರು ಇಲ್ಲಿ 97 ಡಿಗ್ರಿಯಲ್ಲೇ ಕುದಿಯುತ್ತದೆ. ಮಂಗಳೂರಿನ ಕೋಣಕ್ಕಿಂತ ಇಲ್ಲಿನದಕ್ಕೆ ಮೂರು ಡಿಗ್ರಿ ರಿಯಾಯಿತಿ ಇದೆ ಎಂದಾಯಿತು.

ಇಲ್ಲಿ ಸೀಟಿಪಂಥದವರು ಎದ್ದು ನಿಲ್ಲುತ್ತಾರೆ. ಕುಕ್ಕರಿನೊಳಗೆ ಶಾಖ 120 ಡಿಗ್ರಿಯ ಆಸುಪಾಸಿಗೆ ಏರುವಾಗ ನಾಲ್ಕು ಗಂಟೆಯ ವ್ರತ ಯಾಕೆ ಎಂಬುದು ಅವರ ಆಕ್ಷೇಪ. ಮಾಂಸದ ಮಟ್ಟಿಗೆ ಈ ಮಾತು ನಿಜ. ಸಣ್ಣುರಿಪಂಥದವರು ಇದನ್ನು ಒಪ್ಪುವುದಿಲ್ಲ, ಉತ್ತರಿಸುವುದೂ ಇಲ್ಲ. ಅವರ ಬಲ ಇರುವುದು ಅಳತೆಯ ಪ್ರಶ್ನೆಯಲ್ಲಿ. ಸೀಟಿ ಎಂಬ ಮಾನದ ಉದ್ದ ಎಷ್ಟು? ಗ್ಯಾಸ್ಕೆಟ್ಟಿನ ಪ್ರಾಯ, ಉರಿಯ ಎತ್ತರ, ನೀರಿನ ಮಟ್ಟಗಳಿಗೆ ತಕ್ಕಂತೆ ಅದು ಬದಲಾಗುತ್ತದೆ. ಮೂವತ್ತು-ನಲವತ್ತರ ಸೈಟಿನಲ್ಲಿ ನಾಲ್ಕು ಮನೆ ಎದ್ದಿರುವ ಬಡಾವಣೆಗಳಲ್ಲಿ ಪಕ್ಕದ ಮನೆಯ ತೊಗರಿಬೇಳೆಯ ಸೀಟಿಯೂ ಈ ಮನೆಯ ಲೆಕ್ಕಕ್ಕೆ ಜಮೆಯಾಗುವ ಅಪಾಯವಿದೆ. ಮೇಲಾಗಿ ಕುಕ್ಕರು ಮಾಂಸಕ್ಕೂ ಕ್ಯಾರೆಟ್ಟಿಗೂ ಭೇದವೆಣಿಸುವುದಿಲ್ಲ. ಅದರ ಸಮದೃಷ್ಟಿಯಲ್ಲಿ ಕ್ಯಾರೆಟ್ಟು ಗಂಜಿಯಾಗುತ್ತದೆ.

ಪ್ರಯೋಗವಿಧಿ ಹೀಗೆ. ಮುಂಗಾಲಿನ ಕೆಳಭಾಗ ಅಥವಾ ಕುತ್ತಿಗೆಯ ಮಾಂಸ ಒಂದು ಕೆಜಿ, ದೊಡ್ಡ ತುಂಡುಗಳಾಗಿ. ತೇವ ಒರೆಸಿ, ಉಪ್ಪು ಸವರಿ, ಕಾದ ಎಣ್ಣೆಯಲ್ಲಿ ಕೆಲವೇ ತುಂಡುಗಳಂತೆ ಕಂದು ಬಣ್ಣಕ್ಕೆ ಹುರಿಯಬೇಕು. ಎಲ್ಲವನ್ನೂ ಒಟ್ಟಿಗೆ ಸುರಿದರೆ ನೀರು ಬಿಟ್ಟು ಬೂದುಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಯಾವ ಮಸಾಲೆಯೂ ಅದನ್ನು ಉದ್ಧರಿಸಲಾರದು. ಅದೇ ಪಾತ್ರೆಯಲ್ಲಿ ಯಶವಂತಪುರ ಯಾರ್ಡಿನ ಈರುಳ್ಳಿ ಕಾಲು ಕೆಜಿ, ಬೆಳ್ಳುಳ್ಳಿ, ಶುಂಠಿ, ಚಕ್ಕೆ, ಲವಂಗ, ಕಾಳುಮೆಣಸು, ಒಂದು ಚಮಚ ಮೈದಾ. ಮಾಂಸ ಮರಳಿ ಹಾಕಿ, ಮುಳುಗುವಷ್ಟು ಬಿಸಿನೀರು ಎರೆದು, ಮುಚ್ಚಿ, ಅತಿ ಸಣ್ಣ ಉರಿಯಲ್ಲಿ ಮೂರು ಗಂಟೆ. ಗುಳ್ಳೆ ಆಗೊಂದು ಈಗೊಂದು ಏಳಬೇಕು; ಕೊತಕೊತ ಕುದಿದರೆ ಮಾಂಸ ನಾರುನಾರಾಗುತ್ತದೆ. ಮುಚ್ಚಳವನ್ನು ಪದೇ ಪದೇ ತೆಗೆದು ನೋಡುವುದರಿಂದ ಮಾಂಸ ಬೇಗ ಬೇಯುತ್ತದೆ ಎಂಬ ನಂಬಿಕೆ ಎಲ್ಲ ಮನೆಗಳಲ್ಲೂ ಇದ್ದು, ಎಲ್ಲೂ ಸಿದ್ಧವಾಗಿಲ್ಲ.

ತರಕಾರಿ ಕೊನೆಯ ಗಂಟೆಯಲ್ಲಿ: ಮೊದಲು ನವಿಲುಕೋಸು, ಕ್ಯಾರೆಟ್, ಆಮೇಲೆ ಆಲೂಗೆಡ್ಡೆ, ಸೀಮೆಬದನೆ, ಹುರುಳಿಕಾಯಿ. ಕೊಳವೆಬಾವಿಯ ಗಡಸು ನೀರಾದರೆ ಇನ್ನಷ್ಟು ಹೊತ್ತು ಹಿಡಿಯುತ್ತದೆ. ನೀರಿನ ಸುಣ್ಣದಂಶ ತರಕಾರಿಯನ್ನು ಬಿಗಿಗೊಳಿಸುತ್ತದೆ. ಟೊಮೇಟೊ, ವಿನೆಗರ್ ಕಟ್ಟಕಡೆಗೆ, ಏಕೆಂದರೆ ಹುಳಿ ತಾಗಿದ ಆಲೂಗೆಡ್ಡೆ ಮೆದುವಾಗಲು ನಿರಾಕರಿಸುತ್ತದೆ.

ಬ್ರೆಡ್ಡಿನೊಡನೆ ಎಂಬುದು ದಂಡಿನ ಮತ. ಶೆಟ್ಟಿಹಳ್ಳಿಯಲ್ಲಿ ಮುದ್ದೆಯೇ ಪ್ರಮಾಣ. ನುಂಗುವ ಪದಾರ್ಥಕ್ಕೆ ಗಟ್ಟಿ ರಸ ಬೇಕು, ಸ್ಟ್ಯೂವಿನಲ್ಲಿ ಅದಿದೆ. ಸ್ಟ್ಯೂ ಮರುದಿನ ಇನ್ನೂ ಹದವಾಗಿರುತ್ತದೆ. ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮತ್ತೆ ಬಡಿಸುವ ಮುನ್ನ ಚೆನ್ನಾಗಿ ಕುದಿಸಬೇಕು. ಮಾಂಸದಂಗಡಿಯ ರಸೀದಿಯನ್ನು ಪಾತ್ರೆ ಖಾಲಿಯಾಗುವವರೆಗೆ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.