ಮಾರ್ಜಾರ ಶ್ರವಣ ಮೀಮಾಂಸೆ: ಒಂದು ತಾತ್ವಿಕ ಪೀಠಿಕೆ

ಸಾಕುಬೆಕ್ಕಿಗೂ ಹಾಡುವ ಮನುಷ್ಯನಿಗೂ ನಡುವೆ ಏರ್ಪಡುವ ನಾದಾತ್ಮಕ ಅನುಸಂಧಾನವನ್ನು ಅದರ ಬಹುಮುಖಿ ಪರಿಪ್ರೇಕ್ಷ್ಯದಲ್ಲಿ ನೆಲೆಗೊಳಿಸಿ ನೋಡುವ ಗಂಭೀರ ಪ್ರಯತ್ನಗಳು ನಡೆದೇ ಇಲ್ಲ. ಎಲ್ಲ ಸಂಶೋಧನ ಪ್ರಬಂಧಗಳೂ ಇದೇ ಕೊರಗಿನಿಂದ ಆರಂಭವಾಗುವುದರಿಂದ ಇದಕ್ಕೂ ಬೇರೆ ಗತಿಯಿಲ್ಲ. ಅಧ್ಯಯನಕ್ಷೇತ್ರವಾಗಿ ಪುಣೆಯನ್ನು ಆಯ್ದುಕೊಂಡಿರುವುದು ಆಕಸ್ಮಿಕವಲ್ಲ. ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಅವರ ಶಿಷ್ಯ, ಗದಗಿನ ಭೀಮಸೇನ ಜೋಶಿ 1953ರಲ್ಲಿ ಸಂಗೀತೋತ್ಸವ ಆರಂಭಿಸಿದ್ದು ಈ ಊರಿನಲ್ಲಿ. ಸಾಕುಬೆಕ್ಕುಗಳಿಗೂ ನೋಂದಣಿ ಕಡ್ಡಾಯವೆಂದು 2022ರಲ್ಲಿ ಮಹಾನಗರಪಾಲಿಕೆ ಸಾರಿದ್ದೂ ಈ ಊರಿನಲ್ಲೇ. ಗಾಯಕರಿಗೆ ಸದ್ಯಕ್ಕೆ ಆ ತೊಂದರೆಯಿಲ್ಲ.

ಶಾಸ್ತ್ರಾಧಾರದಿಂದ ಹೊರಡೋಣ. ಷಡ್ಜ ನವಿಲಿನದು, ಪಂಚಮ ಕೋಗಿಲೆಯದು, ನಿಷಾದ ಆನೆಯದು ಎಂದು ನಮ್ಮ ಪ್ರಾಚೀನರು ಏಳು ಸ್ವರಗಳನ್ನೂ ಪ್ರಾಣಿಪಕ್ಷಿಗಳಿಗೆ ಹಂಚಿಕೊಟ್ಟರು. ಆಡಿಗೂ ಪಾಲು ಸಿಕ್ಕಿತು, ಬೆಕ್ಕಿಗೆ ಸಿಗಲಿಲ್ಲ. ಇದನ್ನು ಶ್ರಾವ್ಯ ಅನ್ಯತೆಯ ಸಾಂಸ್ಕೃತಿಕ ರಾಜಕಾರಣ ಎಂದು ಕರೆದರೆ ವಿಚಾರಸಂಕಿರಣದಲ್ಲಿ ಊಟದ ಹೊತ್ತಿನ ತನಕ ಮಾತಾಡಬಹುದು. ನಿಜವಾದ ಕಾರಣ ಇಷ್ಟೇ ಇರಬೇಕು: ಮಿಯಾಂವ್ ಎಂಬುದು ಒಂದು ಸ್ವರದ ಮೇಲೆ ನಿಲ್ಲುವುದಿಲ್ಲ, ಒಂದರಿಂದ ಇನ್ನೊಂದಕ್ಕೆ ಜಾರುತ್ತದೆ. ಅದು ಶುದ್ಧ ಮೀಂಡ್. ಜಾರುವವರಿಗೆ ಹುದ್ದೆ ಕೊಡುವುದು ಯಾವ ಪಟ್ಟಿಗೂ ಕಷ್ಟ. ಇನ್ನು ಭಾತಖಂಡೆಯವರು ರಾಗಗಳನ್ನು ಹತ್ತು ಥಾಟುಗಳಾಗಿ ವಿಂಗಡಿಸಿದಂತೆ ಮಾರ್ಜಾರ ಶ್ರೋತೃಗಳನ್ನೂ ವಿಂಗಡಿಸಬೇಕಾಗುತ್ತದೆ. ಹಾರ್ಮೋನಿಯಂ ಗವಸಿನ ಮೇಲೆ ಮಲಗುವುದು ಕಲ್ಯಾಣ ಥಾಟಿನದು. ನಸುಕಿನಲ್ಲಿ ಹಾಲಿಗಾಗಿ ಬಂದು ರಸಿಕನೆನಿಸಿಕೊಳ್ಳುವುದು ಭೈರವ ಥಾಟಿನದು. ಆಲಾಪ ಕೇಳಿದೊಡನೆ ಎದ್ದು ಹೋಗುವುದು ತೋಡಿ ಥಾಟಿನದು. ಉಳಿದ ಏಳೂ ನಿದ್ದೆಯಲ್ಲಿರುವುದರಿಂದ ಈ ವರ್ಗೀಕರಣವನ್ನು ಇಲ್ಲಿಗೇ ಕೈಬಿಡಬಹುದು.

ಪ್ರಯೋಗಗಳ ಸಾಕ್ಷ್ಯ ಇದಕ್ಕಿಂತ ಗಟ್ಟಿಯಾಗಿದೆ. 2015ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನದಲ್ಲಿ 47 ಸಾಕುಬೆಕ್ಕುಗಳಿಗೆ ಬಾಖ್, ಫೋರೆ ಇವರ ರಚನೆಗಳನ್ನೂ, ಚೆಲ್ಲೋ ವಾದಕ ಡೇವಿಡ್ ಟೈ ಬೆಕ್ಕಿಗೆಂದೇ ಕಟ್ಟಿದ ಸಂಗೀತವನ್ನೂ ಕೇಳಿಸಿದರು. ಗುರುಗುಟ್ಟುವಿಕೆಯ, ಮರಿಗಳು ಹಾಲು ಚೀಪುವ ಲಯಗಳನ್ನು ಆಧರಿಸಿದ್ದ ಎರಡನೆಯದಕ್ಕೆ ಅವು ಹೆಚ್ಚು ಒಲಿದವು, ಸ್ಪೀಕರಿಗೆ ಮೈ ಉಜ್ಜಿದವು. ಬಾಖ್‌ಗೆ ಆ ಭಾಗ್ಯ ಸಿಗಲಿಲ್ಲ. ಲಿಸ್ಬನ್ನಿನಲ್ಲಿ ಅರಿವಳಿಕೆ ಕೊಟ್ಟು ಶಸ್ತ್ರಚಿಕಿತ್ಸೆ ಮಾಡುತ್ತಿದ್ದ 12 ಬೆಕ್ಕುಗಳ ಕಿವಿಗೆ ಹೆಡ್‌ಫೋನ್ ಇಟ್ಟು ಉಸಿರು, ಕಣ್ಣಪಾಪೆಗಳನ್ನು ಅಳೆದರು. ಶಾಸ್ತ್ರೀಯ ಸಂಗೀತಕ್ಕೆ ಅವು ಹೆಚ್ಚು ಶಾಂತವಾಗಿದ್ದವು, ರಾಕ್ ಸಂಗೀತಕ್ಕೆ ಕಡಿಮೆ. ಪ್ರಜ್ಞೆಯಿಲ್ಲದ ಶ್ರೋತೃವನ್ನು ಅಳೆಯುವ ಈ ವಿಧಾನವನ್ನು ನಮ್ಮ ವಿಚಾರಸಂಕಿರಣಗಳಿಗೂ ತರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಜಪಾನಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗ. ಯಜಮಾನರ ದನಿಯನ್ನು ಪರಕೀಯರ ದನಿಯಿಂದ ಬೆಕ್ಕು ಬೇರ್ಪಡಿಸಿ ಗುರುತಿಸುತ್ತದೆ. ಕಿವಿ ತಿರುಗಿಸುತ್ತದೆ, ತಲೆ ಆಡಿಸುತ್ತದೆ, ಆದರೆ ಎದ್ದು ಬರುವುದು ಅಪರೂಪ. ಅಂದರೆ ನಂಟು ಬೆಸೆಯುವುದು ರಾಗವಲ್ಲ, ಪರಿಚಿತ ಕಂಠ. ಬೇಸುರಾಗಿ ಹಾಡುವವರಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿಯಿಲ್ಲ.

ಕಿರಾಣಾ ಘರಾಣೆಯವರು ಇಲ್ಲಿ ತಕರಾರು ತೆಗೆಯಬಹುದು. ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನ್ ಸಾಹೇಬರು ಟಿಪು ಎಂಬ ನಾಯಿಗೆ ಸ್ವರ ಕಲಿಸಿದ್ದರೆಂಬ ಕಥೆ ಅವರಲ್ಲಿ ಪ್ರಸಿದ್ಧ. ನಾಯಿಗೆ ಬಂದದ್ದು ಬೆಕ್ಕಿಗೇಕೆ ಬಾರದು? ನಾಯಿ ಒಡೆಯನನ್ನು ಮೆಚ್ಚಿಸಲು ಹಾಡುತ್ತದೆ. ಬೆಕ್ಕು ಯಾರನ್ನೂ ಮೆಚ್ಚಿಸುವುದಿಲ್ಲ, ಆದ್ದರಿಂದಲೇ ಅದು ಎದ್ದು ಹೋಗದೆ ಕುಳಿತರೆ ಆ ಕೂರುವಿಕೆಗೆ ಬೆಲೆ.

ಇದಕ್ಕೂ ಮಿಗಿಲಾದ ಅರ್ಹತೆಯೊಂದು ಅದಕ್ಕಿದೆ. ಬೆಕ್ಕು ಚುರುಕಾಗುವುದು ಮುಂಜಾವಿನಲ್ಲಿ, ಮುಸ್ಸಂಜೆಯಲ್ಲಿ. ಭೈರವ, ಪೂರ್ವಿ, ಮಾರವಾಗಳಂಥ ಸಂಧಿಪ್ರಕಾಶ ರಾಗಗಳಿಗೆ ಗೊತ್ತುಮಾಡಿದ ಹೊತ್ತೂ ಅದೇ. ಸಮಯಸಿದ್ಧಾಂತವನ್ನು ಇಷ್ಟು ನಿಷ್ಠೆಯಿಂದ ಪಾಲಿಸುವ ಶ್ರೋತೃ ಮನುಷ್ಯರಲ್ಲಿ ಉಳಿದಿಲ್ಲ. ಉಳಿಯುವುದಾದರೂ ಹೇಗೆ? ಸವಾಯಿ ಉತ್ಸವ ಒಂದು ಕಾಲಕ್ಕೆ ರಾತ್ರಿಯಿಡೀ ನಡೆಯುತ್ತಿತ್ತು. ಜಮಖಾನೆಯ ಮೇಲೆ ಚಳಿಯಲ್ಲಿ ಮುದುಡಿ ಕುಳಿತವರು ಬಾಗೇಶ್ರೀ, ದರಬಾರಿ ದಾಟಿ ಬೆಳಗಿನ ರಾಗದ ತನಕ ಕಾಯುತ್ತಿದ್ದರು. ಆ ಕಾಯುವಿಕೆಯೇ ಅರ್ಧ ಸಂಗೀತ. ರಾತ್ರಿ ಹತ್ತರ ನಂತರ ಧ್ವನಿವರ್ಧಕ ಕೂಡದೆಂಬ 2000ದ ನಿಯಮ ಬಂದು ಅದು ಮುಗಿಯಿತು. ಕಾನೂನು ಎಲ್ಲರಿಗೂ ಒಂದೇ ಎನ್ನುವಿರಾದರೆ ಗಣೇಶ ವಿಸರ್ಜನೆಯ ದಿನವಾದ ಅನಂತ ಚತುರ್ದಶಿಯಂದು ಪುಣೆಯ ಲಕ್ಷ್ಮೀ ರಸ್ತೆಗೆ ಬನ್ನಿ. ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬೆಲ್. ಅಲ್ಲಿ ನೂರು ದಾಟಿದ್ದನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳು ವರ್ಷವರ್ಷ ಅಳೆದು ಕೊಟ್ಟಿದ್ದಾರೆ. ತಂಬೂರಿಗೆ ಗವಸು ಹಾಕಿಸಿದ ಅದೇ ನಿಯಮದ ಮೂಗಿನಡಿ ಡಿಜೆ ಗೋಡೆಗಳು ಮರುದಿನವೂ ಎದೆಗೂಡು ಅಲುಗಿಸುತ್ತವೆ. ನಾದಬ್ರಹ್ಮದ ಬಗ್ಗೆ ಪುಟಗಟ್ಟಲೆ ಬರೆಯುವ ಪಂಡಿತರಿಗೆ ಆಗ ಕೇಳಿಸುವುದೇ ಇಲ್ಲ. ಮನುಷ್ಯನ ಕಿವಿ 20 ಕಿಲೋಹರ್ಟ್ಸ್‌ಗೆ ನಿಲ್ಲುತ್ತದೆ, ಬೆಕ್ಕಿನದು 60ನ್ನೂ ದಾಟುತ್ತದೆ; ಆ ಅಬ್ಬರಕ್ಕೆ ಮಂಚದಡಿ ಸೇರಿದ ಪ್ರಾಣಿಯನ್ನು ಯಾವ ಪರಿಚಿತ ಕಂಠವೂ ಹೊರಗೆ ಕರೆಯಲಾರದು. ಹಬ್ಬದ ಸಂಭ್ರಮವನ್ನು ಬೆಕ್ಕಿನ ಕಿವಿಯಿಂದ ಅಳೆಯಬಾರದು ಎನ್ನುತ್ತಾರೆ. ಸರಿ, ಅಳೆಯಬೇಡಿ. ಆ ರಸ್ತೆಗೆ ಕಿಟಕಿಯಿರುವ ಮನೆಗಳಲ್ಲಿ ಹೃದ್ರೋಗಿಗಳಿದ್ದಾರೆ, ಎಳೆಗೂಸುಗಳಿವೆ. ಅವರ ಕಿವಿಯಿಂದ ಅಳೆಯಿರಿ.